ರಿಯಲ್ ಎಸ್ಟೇಟ್ ಡೆವಲಪರ್ ಆಗಿ ದೀರ್ಘಕಾಲ ನೆಲೆಯೂರುವುದು ಹೇಗೆ?

ಬೆಂಗಳೂರಿನ ಸುತ್ತಮುತ್ತ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ನಿರ್ಮಿಸುವ ವೃತ್ತಿಯಲ್ಲಿ ದಶಕಗಳ ಕಾಲ ಉಳಿಯಬಯಸುವವರು, ಸ್ವಂತ ಯೋಜನೆಗೆ ಕೈಹಾಕುವ ಮುನ್ನ ಅನುಭವಿ ಡೆವಲಪರ್ ಒಬ್ಬರ ಬಳಿ ಜಮೀನು ಖರೀದಿಯ ಕೆಲಸಕ್ಕೆ ಸೇರಿ ಭೂದಾಖಲೆಗಳನ್ನು ಓದಲು ಕಲಿಯಬೇಕು. ಕಟ್ಟಡದ ದೋಷವನ್ನು ಸರಿಪಡಿಸಬಹುದು, ಹಕ್ಕುಪತ್ರದ ದೋಷವಾದರೋ ಇಡೀ ಬಂಡವಾಳವನ್ನೇ ವರ್ಷಗಟ್ಟಲೆ ಕೋರ್ಟಿನಲ್ಲಿ ಕಟ್ಟಿಹಾಕುತ್ತದೆ. ಪಹಣಿಯ ವಿಸ್ತೀರ್ಣ ಆಕಾರಬಂದಿನೊಂದಿಗೆ (ಸರ್ವೆ ಇಲಾಖೆಯ ಅಳತೆ ದಾಖಲೆ) ತಾಳೆಯಾಗುತ್ತದೆಯೇ, ಪೋಡಿ (ಸರ್ವೆ ನಂಬರನ್ನು ಅಳೆದು ಹಿಸ್ಸೆಗಳಾಗಿ ಬೇರ್ಪಡಿಸುವುದು) ಆಗಿದೆಯೇ, ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಅಥವಾ ಬಂಡಿದಾರಿ ಹಾದುಹೋಗಿದೆಯೇ ಎಂಬುದನ್ನು ಸರ್ವೆಯರ್ ಜೊತೆ ಸ್ಥಳದಲ್ಲೇ ನಿಂತು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ ಕಾಯ್ದೆ) ಪ್ರಕಾರ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲವಾದ್ದರಿಂದ, ಜಮೀನಿನ ಮೂಲವನ್ನು ತಿಳಿಯದೆ ಮುಂಗಡ ಕೊಡಲೇಬೇಡಿ.

ಬಂಡವಾಳ ಕಡಿಮೆಯಿದ್ದರೆ ಭೂಮಾಲೀಕರೊಂದಿಗೆ ಜಂಟಿ ಅಭಿವೃದ್ಧಿ ಒಪ್ಪಂದ (ಜಮೀನು ಅವರದು, ನಿರ್ಮಾಣ ನಿಮ್ಮದು, ಫಲದಲ್ಲಿ ಇಬ್ಬರಿಗೂ ಪಾಲು) ಮಾಡಿಕೊಂಡು ಸಣ್ಣ ಯೋಜನೆಯಿಂದ ಆರಂಭಿಸಬಹುದು.

2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಂತೆ ಗ್ರಾಹಕರಿಂದ ಬಂದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಅದೇ ಯೋಜನೆಯ ಜಮೀನು ಮತ್ತು ನಿರ್ಮಾಣದ ವೆಚ್ಚಕ್ಕೆ ಮಾತ್ರ ಬಳಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ, ಅಂದರೆ ಒಂದು ಯೋಜನೆಯ ಹಣದಿಂದ ಇನ್ನೊಂದಕ್ಕೆ ಜಮೀನು ಕೊಳ್ಳುವಾಗ. ಸ್ವಾಧೀನ ಕೊಟ್ಟ ಮೇಲೂ 5 ವರ್ಷ ರಚನಾತ್ಮಕ ದೋಷಗಳ ಹೊಣೆ ಡೆವಲಪರ್‌ದೇ ಆಗಿರುವುದರಿಂದ, ದುರಸ್ತಿಗೆಂದು ಲಾಭದಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿರಿಸಿ, ನಿವಾಸಿಗಳ ದೂರು ಬಂದಾಗ ಎಂಜಿನಿಯರನ್ನು ತಡಮಾಡದೆ ಕಳುಹಿಸಿ.