ಶುಗರ್ ಇದ್ದವ್ರು ಅನ್ನ ಬಡಿಸ್ಕೊಳ್ಳೋದು ಹೇಗೆ

ಡಾಕ್ಟರ್ ಅನ್ನ ಕಮ್ಮಿ ಮಾಡಿ ಅಂದ್ರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಒಂದೇ ಉತ್ತರ: ನಾನು ತಿನ್ನೋದು ಕುಚ್ಚಿಲಕ್ಕಿ (ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ) ಅಲ್ವಾ! ಕುಚ್ಚಿಲಕ್ಕಿ ಬೆಳ್ತಿಗೆಗಿಂತ, ಅಂದ್ರೆ ಮಾಮೂಲಿ ಬಿಳಿ ಅಕ್ಕಿಗಿಂತ, ಸ್ವಲ್ಪ ನಿಧಾನಕ್ಕೆ ಜೀರ್ಣ ಆಗ್ತದೆ ಹೌದು, ತವುಡು ಉಳಿದ ಕೆಂಪಕ್ಕಿಯಲ್ಲಿ ನಾರೂ ಇದೆ, ಆದ್ರೆ ಆ ಧೈರ್ಯದಲ್ಲಿ ಎರಡು ಸೌಟು ಜಾಸ್ತಿ ತಿಂದ್ರೆ ಲಾಭ ಎಲ್ಲಿಂದ ಬರ್ಬೇಕು?

ಮೊದಲು ಬೇಯಿಸೋದು. ಮುದ್ದೆ ಆಗೋಷ್ಟು ಬೇಯಿಸ್ಬೇಡಿ, ತೆಳಿ (ಅನ್ನ ಬೆಂದ ಗಂಜಿನೀರು) ಬಸಿದು ದನಕ್ಕೆ ಹಾಕಿ, ಉಪ್ಪು ಹಾಕಿ ನೀವೇ ಕುಡೀಬೇಡಿ. ಶುಗರ್ ತೆಗೆಯೋ ಕುಕ್ಕರ್ ಅಂತ ಮಾರ್ತಾರಲ್ಲ, ಅದಕ್ಕೆ ದುಡ್ಡು ಹಾಕೋದು ದಂಡ, ಬಸಿಯೋ ಕೆಲ್ಸ ಪಾತ್ರೆಯಲ್ಲೇ ಆಗ್ತದೆ.

ಎಡವೋದೆಲ್ಲ ಬಡಿಸುವಾಗ. ಸೌಟಿನ ಲೆಕ್ಕ ನಂಬ್ಲೇಬೇಡಿ, ಒಬ್ಬೊಬ್ಬರ ಸೌಟು ಒಂದೊಂದು ಸೈಜ್, ಮೇಲೆ ಗೋಪುರ ಬೇರೆ. ಅಡುಗೆ ತಕ್ಕಡಿಯಲ್ಲಿ ಒಮ್ಮೆ 150 ಗ್ರಾಂ ಅನ್ನ ತೂಗಿ, ಅದು ಯಾವ ಬಟ್ಟಲಲ್ಲಿ ಎಲ್ಲಿವರೆಗೆ ಬರ್ತದೆ ನೋಡಿಟ್ಕೊಳ್ಳಿ, ಅಷ್ಟರಲ್ಲೇ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ (ಶುಗರ್ ಏರಿಸೋ ಅಂಶ) ಇರ್ತದೆ. ನಿಮಗೆ ಎಷ್ಟು ಬೇಕು ಅಂತ ಡಾಕ್ಟರೋ ಡಯಟಿಷಿಯನ್ನೋ ಹೇಳ್ಲಿ, ಆದ್ರೆ ಅಳತೆ ಆ ಬಟ್ಟಲಲ್ಲೇ ಆಗ್ಬೇಕು. ನಮ್ಮಲ್ಲಿ ಸಾರಿಗೆ ಒಮ್ಮೆ, ಮಜ್ಜಿಗೆಗೆ ಇನ್ನೊಮ್ಮೆ ಅನ್ನ ಹಾಕ್ಕೊಳ್ಳೋದು ರೂಢಿ, ಆ ಎರಡನೇ ಸಲದ್ದು ಯಾರ ಲೆಕ್ಕಕ್ಕೂ ಸಿಗೋದಿಲ್ಲ. ಹಾಗಾಗಿ ಅಳೆದದ್ದನ್ನೇ ಮೊದಲೇ ಎರಡು ಪಾಲು ಮಾಡಿ ಮಜ್ಜಿಗೆದನ್ನು ಊಟದ ತಟ್ಟೆಯ ಅಂಚಿಗೆ ತಳ್ಳಿಟ್ಟು, ಅನ್ನದ ಪಾತ್ರೆ ಒಳಗೆ ಇಟ್ಟು ಬನ್ನಿ. ಅರ್ಧ ತಟ್ಟೆ ಅಲಸಂಡೆಯೋ ತೊಂಡೆಕಾಯಿಯೋ ಪಲ್ಯ ಇರ್ಲಿ, ಪಕ್ಕಕ್ಕೆ ಹುರುಳಿ ಸಾರು ಅಥವಾ ಬಂಗುಡೆ. ಪಲ್ಯ, ಮೀನು ಮೊದಲು ತಿನ್ನಿ, ಅನ್ನ ಕಡೆಗೆ, ಹೀಗೆ ತಿಂದ್ರೆ ಶುಗರ್ ಅಷ್ಟು ಜೋರಾಗಿ ಏರೋದಿಲ್ಲ.

ಗಂಜಿ ಉಪ್ಪಿನಕಾಯಿ ಪಥ್ಯ ಅಂದ್ಕೊಂಡವ್ರು ತುಂಬ ಜನ. ಚೆನ್ನಾಗಿ ಬೆಂದ ಗಂಜಿ ಬೇಗ ಜೀರ್ಣ ಆಗ್ತದೆ, ಅಂದ್ರೆ ಶುಗರೂ ಬೇಗ ಏರ್ತದೆ, ಜೊತೆಗೆ ಹೆಸರುಕಾಳಿನ ಪಲ್ಯ ಆದ್ರೂ ಬೇಕು ಮಾರಾಯ್ರೆ. ಮಧ್ಯಾಹ್ನ ಅಳೆದು ತಿಂದು ರಾತ್ರಿ ಎಂಟು ನೀರ್ದೋಸೆ ಹೊಡೆದ್ರೆ ಅದೂ ಅಕ್ಕಿಯೇ.

ಊಟ ಶುರು ಮಾಡಿ 2 ಗಂಟೆ ಆದ್ಮೇಲೆ ಗ್ಲೂಕೋಮೀಟರ್‌ನಲ್ಲಿ ನೋಡಿ, ಹೆಚ್ಚಿನವರಿಗೆ 180ರ (mg/dL) ಒಳಗೆ ಇದ್ರೆ ಸರಿ. ಇನ್ಸುಲಿನ್, ಮಾತ್ರೆ ತಗೊಳ್ಳೋರು ಡಾಕ್ಟರಿಗೆ ಹೇಳದೆ ಒಮ್ಮೆಲೇ ಅನ್ನ ಬಿಡ್ಬೇಡಿ, 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ ಬಂದ್ರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ.