ಥಂಬ್ ಮೆಷಿನ್ ಬೆರಳು ಹಿಡೀತಿಲ್ವಾ? ಮೊದಲು ಇಷ್ಟು ಮಾಡಿ

ಬೆಳಗ್ಗೆ ಕೆಲಸದ ಜಾಗದಲ್ಲಿ ಬೆರಳಿಟ್ಟು ಹಾಜರಿ ಹಾಕುವ ಮೆಷಿನ್ ಮುಂದೆ ಸಾಲು. ಮುಂದಿರುವವರು ಬೆರಳನ್ನು ಪ್ಯಾಂಟಿಗೆ ಒರೆಸಿ ಇಡುತ್ತಾರೆ, ಉಫ್ ಅಂತ ಊದಿ ಮತ್ತೆ ಇಡುತ್ತಾರೆ, ಕೆಂಪು ದೀಪ ಹೋಗುವುದೇ ಇಲ್ಲ. ಮೆಷಿನ್ ಕೆಟ್ಟಿದೆ ಅಂತ ಎಲ್ಲರೂ ಬೈಯುತ್ತಾರೆ. ನನ್ನ ಪ್ರಕಾರ ಎಷ್ಟೋ ಸಲ ಕೆಟ್ಟಿರುವುದು ಮೆಷಿನ್ ಅಲ್ಲ, ಬೆರಳು ನೋಂದಾಯಿಸಿದ ರೀತಿ.

ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲಾಗುತ್ತದೆ ಅನ್ನುವ ಗುರುತುಗಳನ್ನೇ ಮೆಷಿನ್ ಸಾಮಾನ್ಯವಾಗಿ ಹೋಲಿಸುವುದು. ಹಾಗಾಗಿ ಮೊದಲ ಕೆಲಸ, ಸರಿಯಾಗಿ ಮರುನೋಂದಣಿ. ಬೆರಳಿನ ತುದಿ ಇಡಬೇಡಿ, ಮಧ್ಯದ ಸುಳಿ ಗಾಜಿನ ಮೇಲೆ ಕೂರಬೇಕು. ಜೋರಾಗಿ ಒತ್ತಿದರೆ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಗುರವಾಗಿ ಮುಟ್ಟಿದರೆ ತುಂಡು ತುಂಡಾಗಿ ಕಾಣುತ್ತವೆ. ಎರಡೂ ಕೈಯಿಂದ ಒಂದೊಂದು ಬೆರಳು ಕೊಡಿ, ನಾಳೆ ಒಂದಕ್ಕೆ ಗಾಯವಾದರೂ ಇನ್ನೊಂದು ಇರುತ್ತದೆ. ಚರ್ಮ ಒಣಗಿದ್ದರೆ ಕೈ ತೊಳೆದು, ಒರೆಸಿ, ಚೂರು ಕ್ರೀಮ್ ಹಚ್ಚಿ ಐದು ನಿಮಿಷ ಬಿಡಿ.

ಗಾಜನ್ನು ದಿನಾ ಮೆತ್ತನೆಯ ಬಟ್ಟೆಯಿಂದ ಒರೆಸಿ. ಇದಕ್ಕೆ ಜಾಸ್ತಿ ಹೇಳುವುದೇನಿಲ್ಲ.

ಈಗ ಮುಖ್ಯ ವಿಷಯ. ಬೆರಳು ಮಾತ್ರ ಇಟ್ಟರೆ ಮೆಷಿನ್ ಎಲ್ಲರ ದಾಖಲೆಯಲ್ಲೂ ಹುಡುಕಬೇಕು. ಒಂದು ಹೋಲಿಕೆಯಲ್ಲಿ ನಿಮ್ಮ ಬೆರಳು ಬೇರೆಯವರದು ಅಂತ ತಪ್ಪಾಗಿ ಒಪ್ಪಿಗೆಯಾಗುವುದು 10,000ಕ್ಕೆ 1 ಅಂತಿಟ್ಟುಕೊಳ್ಳಿ, 500 ಜನರ ದಾಖಲೆ ಇದ್ದರೆ ಒಂದು ಸಲ ಬೆರಳಿಟ್ಟಾಗ ಅದು ಹತ್ತಿರಹತ್ತಿರ 20ಕ್ಕೆ 1 ಆಗುತ್ತದೆ! ಮೊದಲು ನಿಮ್ಮ ನಂಬರ್ ಒತ್ತಿ ಆಮೇಲೆ ಬೆರಳಿಟ್ಟರೆ ಹೋಲಿಕೆ ನಿಮ್ಮ ದಾಖಲೆಯ ಜೊತೆ ಮಾತ್ರ. ಎರಡು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ದೂರು ಜಾಸ್ತಿಯಾದಾಗ 'ಸೆಟ್ಟಿಂಗ್ ಸ್ವಲ್ಪ ಸಡಿಲ ಮಾಡ್ತೀವಿ' ಅನ್ನುತ್ತಾರಲ್ಲ, ಒಪ್ಪಬೇಡಿ. ನಿಮ್ಮ ಬೆರಳು ಬೇಗ ಒಪ್ಪಿಗೆಯಾಗುತ್ತದೆ ನಿಜ, ಬೇರೆಯವರದೂ ನಿಮ್ಮದು ಅಂತ ಒಪ್ಪಿಗೆಯಾಗುವ ಸಾಧ್ಯತೆ ಜೊತೆಗೇ ಬರುತ್ತದೆ. ಇನ್ನು ನಕಲಿ ಬೆರಳು ಸಿನಿಮಾ ಕಥೆಯಲ್ಲ: 2002ರಲ್ಲೇ ಜಪಾನಿನ ಸಂಶೋಧಕ ತ್ಸುತೊಮು ಮತ್ಸುಮೊಟೊ ಜೆಲಾಟಿನ್ ಬೆರಳಿನಿಂದ ಹಲವು ಸ್ಕ್ಯಾನರ್‌ಗಳಿಗೆ ಟೋಪಿ ಹಾಕಿ ತೋರಿಸಿದ್ದರು. ಜೀವಂತ ಬೆರಳೇ ಅಂತ ಪರೀಕ್ಷಿಸುವ ಮೆಷಿನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣಿಗೆ ಕಾಣುವ ಜಾಗದಲ್ಲಿಡಿ.

ಸಿಮೆಂಟ್, ಸೋಪಿನ ಪುಡಿ, ವಯಸ್ಸು, ಇವುಗಳಿಂದ ಗೆರೆ ಸವೆದವರಿಗೆ ಏನು ಮಾಡಿದರೂ ಆಗದೇ ಇರಬಹುದು. ಅವರಿಗೆ ಕಾರ್ಡ್ ಅಥವಾ ರಿಜಿಸ್ಟರ್ ಕೊಡಿ, ಸುಮ್ನೆ ಗೈರುಹಾಜರಿ ಹಾಕಬೇಡಿ.

ಹಾಂ, ಮೆಷಿನ್ನಿನ ಗಡಿಯಾರವನ್ನೂ ನೋಡಿ. ನಾನು ಒಂದು ತಿಂಗಳು ದಿನಾ ಲೇಟ್ ಅಂತ ಬೈಸಿಕೊಂಡೆ. ಬೆರಳು ಸರಿಯಾಗೇ ಹಿಡಿಯುತ್ತಿತ್ತು, ಅದರ ಟೈಮ್ ಏಳು ನಿಮಿಷ ಮುಂದಿತ್ತು.