ಸಿ.ಡಿ. ಪ್ಲೇಯರ್ ಬದಲಿಸಿದರೆ ಧ್ವನಿ ಬದಲಾಗುತ್ತದೆಯೇ: ನನ್ನ ಅನುಭವ

ಹಳೆಯ ಡಿವಿಡಿ ಪ್ಲೇಯರಿನಲ್ಲೇ ಸಿ.ಡಿ.ಗಳನ್ನು ಕೇಳುತ್ತಿದ್ದ ನನಗೆ, ಸಂಗೀತಕ್ಕೆಂದೇ ತಯಾರಾದ ದುಬಾರಿ ಪ್ಲೇಯರ್ ತಂದರೆ ಧ್ವನಿಯ ಗುಣಮಟ್ಟ ಎದ್ದು ಕಾಣುವಂತೆ ಹೆಚ್ಚುತ್ತದೆ ಎಂಬ ಸಲಹೆ ಹಲವರಿಂದ ಬಂದಿತ್ತು. ಸ್ನೇಹಿತರೊಬ್ಬರು ಅಂಥ ಯಂತ್ರವನ್ನು ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಕೆಲವು ದಿನಗಳ ಮಟ್ಟಿಗೆ ತಂದುಕೊಟ್ಟಿದ್ದರಿಂದ, ಹಣ ಹಾಕುವ ಮೊದಲೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯವಾಯಿತು.

ಮೊದಲ ಸಲ ಕೇಳಿದಾಗ ದುಬಾರಿ ಯಂತ್ರವೇ ಮೇಲೆನಿಸಿತು. ತಂಬೂರಿಯ ನಾದ ತುಂಬಿಕೊಂಡಂತೆ, ತಬಲಾದ ಡಗ್ಗದ ಪೆಟ್ಟು ಗಟ್ಟಿಯಾದಂತೆ ಕೇಳಿಸಿತು. ಆದರೆ ತುಸು ಜೋರಾಗಿ ನುಡಿಯುವ ಯಂತ್ರವನ್ನು ಕಿವಿ ‘ಜೋರು’ ಎಂದು ಗುರುತಿಸದೆ ‘ಚೆನ್ನ’ ಎಂದೇ ಗುರುತಿಸುವುದರಿಂದ, ಎರಡರ ಮಟ್ಟವನ್ನು ಅಳೆಯದೆ ಈ ತೀರ್ಪನ್ನು ಒಪ್ಪಿಕೊಳ್ಳುವಂತಿರಲಿಲ್ಲ. 400 ಹರ್ಟ್ಸಿನ ಸ್ವರವನ್ನು ಪೂರ್ಣ ಮಟ್ಟದಲ್ಲಿ ಸಿ.ಡಿ.ಗೆ ಬರೆದುಕೊಂಡು, ಮಲ್ಟಿಮೀಟರಿನಿಂದ ಎರಡೂ ಪ್ಲೇಯರುಗಳ ಔಟ್‌ಪುಟ್ ಅಳೆದೆ. ಅಗ್ಗದ ಮೀಟರುಗಳು ಅದಕ್ಕಿಂತ ಹೆಚ್ಚಿನ ಆವೃತ್ತಿಯಲ್ಲಿ ಎ.ಸಿ. ವೋಲ್ಟೇಜನ್ನು ಸರಿಯಾಗಿ ತೋರಿಸುತ್ತವೆಂಬ ಭರವಸೆ ಇಲ್ಲದ್ದರಿಂದ 1,000 ಹರ್ಟ್ಸಿಗೆ ಹೋಗಲಿಲ್ಲ. ಹಳೆಯದರಲ್ಲಿ 2 ವೋಲ್ಟ್ ಬಂದರೆ ದುಬಾರಿಯದರಲ್ಲಿ 2.3 ವೋಲ್ಟ್ ಬಂತು. ಅಂದರೆ ಸುಮಾರು 1.2 ಡೆಸಿಬೆಲ್ ವ್ಯತ್ಯಾಸ.

ರೇಡಿಯೋ ರಿಪೇರಿ ಅಂಗಡಿಯಿಂದ ತಂದ 10 ಕಿಲೋಓಮಿನ ವಾಲ್ಯೂಮ್ ಕಂಟ್ರೋಲನ್ನು ದುಬಾರಿ ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ಸೇರಿಸಿ, ಸ್ಪೀಕರಿನ ತುದಿಗಳಲ್ಲಿ ಮೀಟರ್ ಹಿಡಿದು ಎರಡನ್ನೂ ಸಮ ಮಾಡಿದೆ. ಒಂದೇ ಸಿ.ಡಿ.ಯ ಎರಡು ಪ್ರತಿಗಳನ್ನು ಒಟ್ಟಿಗೆ ಓಡಿಸಿ, ಯಂತ್ರಗಳ ಮುಂದೆ ಬಟ್ಟೆ ಇಳಿಬಿಟ್ಟು, ನಾಣ್ಯ ಚಿಮ್ಮಿ ಇನ್‌ಪುಟ್ ಬದಲಿಸುವ ಕೆಲಸವನ್ನು ಅಕ್ಕನ ಮಗನಿಗೆ ವಹಿಸಿದೆ. “ಮಾವ, ಈಗ ಓಡ್ತಿರೋದು ಯಾವುದು ಹೇಳಿ” ಎಂದು ಅವನು ಕೇಳಿದಾಗಲೆಲ್ಲ ನಾನು ಕೊಟ್ಟ ಉತ್ತರಗಳು, ನಾಣ್ಯವನ್ನೇ ಕೇಳಿದ್ದರೂ ಇಷ್ಟೇ ಸರಿಯಾಗುತ್ತಿದ್ದವು ಎನ್ನುವಂತಿದ್ದವು.

ಇದರಲ್ಲಿ ಅಚ್ಚರಿಯೇನಿಲ್ಲ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಮಾರುಕಟ್ಟೆಗೆ ತಂದ ಈ ವ್ಯವಸ್ಥೆಯಲ್ಲಿ ಧ್ವನಿ ಸೆಕೆಂಡಿಗೆ 44,100 ಮಾದರಿಗಳಾಗಿ, ತಲಾ 16 ಬಿಟ್‌ಗಳಲ್ಲಿ ದಾಖಲಾಗಿರುತ್ತದೆ. ಆ ಅಂಕಿಗಳನ್ನು ತಪ್ಪಿಲ್ಲದೆ ಓದಿ ವಿದ್ಯುತ್ ಸಂಕೇತವಾಗಿಸುವ ಚಿಪ್ಪುಗಳು ಬಹುಕಾಲದಿಂದ ಅಗ್ಗದ ಯಂತ್ರಗಳಲ್ಲೂ ಇವೆ. ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳನ್ನು ಔಟ್‌ಪುಟ್ಟಿನಲ್ಲಿ ಬಳಸಿ ಬೇಕೆಂದೇ ಧ್ವನಿಗೆ ಬಣ್ಣ ಕೊಡುವ ಪ್ಲೇಯರುಗಳ ಮಾತು ಬೇರೆ, ಆದರೆ ಅದನ್ನು ಸುಧಾರಣೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ವ್ಯತ್ಯಾಸ ನಿಜವಾಗಿ ಕಂಡದ್ದು ಗೀರು ಬಿದ್ದ ಸಿ.ಡಿ.ಗಳಲ್ಲಿ. ಟ್ರ್ಯಾಕಿನ ಉದ್ದಕ್ಕೆ ಸುಮಾರು 2.5 ಮಿ.ಮೀ. ವರೆಗೆ ಅಳಿಸಿಹೋದ ದತ್ತಾಂಶವನ್ನು ದೋಷ ತಿದ್ದುವ ವ್ಯವಸ್ಥೆ ಪೂರ್ತಿಯಾಗಿ ಮರಳಿ ಕಟ್ಟಬಲ್ಲದಾದರೂ, ಲೆನ್ಸ್ ಮೇಲೆ ಧೂಳು ಕೂತಿದ್ದರೆ ಅದರ ಶಕ್ತಿ ಅಲ್ಲಿಯೇ ಖರ್ಚಾಗಿಬಿಡುತ್ತದೆ. ನಮ್ಮೂರಿನ ಬೇಸಿಗೆಯ ಧೂಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಲೆನ್ಸನ್ನು ಹಗುರವಾಗಿ ಒರೆಸಿದ ಮೇಲೆ ಹಳೆಯ ಯಂತ್ರವೂ ಹೆಚ್ಚಿನ ಸಿ.ಡಿ.ಗಳನ್ನು ತಡವರಿಸದೆ ಓದಿತು. ಸಿ.ಡಿ.ಯನ್ನಾದರೆ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು. ಸುತ್ತು ಹಾಕಿ ಒರೆಸುವಾಗ ಬೀಳುವ ಗೀರು ಟ್ರ್ಯಾಕಿನ ಗುಂಟವೇ ಸಾಗಿ ಹೆಚ್ಚು ಹಾನಿ ಮಾಡುತ್ತದೆ.

ಮಿಕ್ಕ ಶ್ರಮವನ್ನೆಲ್ಲ ಕೋಣೆಗೆ ಹಾಕಿದೆ. 11 ಅಡಿ ಅಗಲದ ನಮ್ಮ ಹಜಾರದಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 51 ಹರ್ಟ್ಸಿನ ಧ್ವನಿ ಅನುರಣನಗೊಂಡು ಗುಂಯ್‌ಗುಡುತ್ತಿತ್ತು. ಮೂಲೆಯ ಷೋಕೇಸಿನಲ್ಲಿದ್ದ ಸ್ಪೀಕರುಗಳನ್ನು ಸ್ಟ್ಯಾಂಡಿಗೇರಿಸಿ, ಗೋಡೆಗಳಿಂದ 2 ಅಡಿ ದೂರಕ್ಕೆ ತಂದು, ಗೋಡೆಗೆ ಒತ್ತಿಕೊಂಡಿದ್ದ ಕುರ್ಚಿಯನ್ನೂ ಮುಂದಕ್ಕೆಳೆದಾಗ ಡಗ್ಗದ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಚಪ್ಪಾಳೆ ತಟ್ಟಿದರೆ ಪಟಪಟನೆ ಮಾರ್ದನಿಸುತ್ತಿದ್ದ ಬರಿಗೋಡೆಗೆ ಚಳ್ಳಕೆರೆಯ ದಪ್ಪ ಕಂಬಳಿಗಳನ್ನು ಇಳಿಬಿಟ್ಟೆ. ಕಂಬಳಿ ಮಂದ್ರವನ್ನು ಹೀರದಿದ್ದರೂ ಮೇಲಿನ ಸ್ವರಗಳ ಕರ್ಕಶತೆಯನ್ನು ತಗ್ಗಿಸಿತು. ಈ ಬದಲಾವಣೆಯನ್ನು ಕಂಡುಹಿಡಿಯಲು ಬಟ್ಟೆಯ ಮರೆಯಾಗಲಿ ನಾಣ್ಯವಾಗಲಿ ಬೇಕಾಗಲಿಲ್ಲ.

ಸ್ನೇಹಿತರ ಯಂತ್ರ ಅವರ ಮನೆಗೆ ಹಿಂತಿರುಗಿದೆ. ಹಳೆಯ ಪ್ಲೇಯರಿನ ಲೇಸರ್ ಕೈಕೊಟ್ಟ ದಿನ ಹೊಸದನ್ನು ಕೊಳ್ಳುತ್ತೇನೆ. ಆಗ ಅಂಗಡಿಯಲ್ಲಿ ಮೊದಲು ಕೇಳುವುದು ಪಿಕಪ್, ಅಂದರೆ ಲೇಸರ್ ಮತ್ತು ಲೆನ್ಸ್ ಇರುವ ಭಾಗ, ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು.